ಸುವಾರ್ತಮ್ಮನ ಪಕ್ಕದ ಜಾಗ

ಗುಂಡ್ಲುಪೇಟೆ,
14ನೇ ನವೆಂಬರ್ 2024

ಮಗಳು ಶ್ರುತಿಗೆ ಅಪ್ಪನ ಪ್ರೀತಿಯ ಆಶೀರ್ವಾದಗಳು.

ಬತ್ತೇರಿಯಲ್ಲಿ ನಿನ್ನ ಸೊಂಟನೋವು ಹೇಗಿದೆ? ದಿನವಿಡೀ ನಿಂತು ಪಾಠ ಮಾಡಬೇಡ ಎಂದರೆ ಕೇಳುವವಳಲ್ಲ ನೀನು. ಅದು ನಿಮ್ಮಮ್ಮನ ಗುಣ. ಅಳಿಯಂದಿರ ಶುಗರ್ ಇಳಿಯಿತೇ? ನನಗೆ ಮೊಣಕಾಲು ಒಂದು ಬಿಟ್ಟರೆ ಎಲ್ಲ ಸರಿ. ಹೆಲ್ತ್ ಈಸ್ ವೆಲ್ತ್, ಮುಂದಿನ ಸಾಲು ಮರೆತಿದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ನಗುತ್ತೀಯ, ನೀನು ನಕ್ಕರೆ ನನ್ನ ಮಾತು ಮುಂದಕ್ಕೆ ಹೋಗುವುದಿಲ್ಲ. ಅಲ್ಲದೆ ಈ ಲಕೋಟೆಯಲ್ಲಿ ಒಂದು ಅರ್ಜಿ ಇದೆ, ಅದಕ್ಕೆ ನಿನ್ನ ಸಹಿ ಬೇಕು.

ಸಂಗತಿ ಇದು. ನಮ್ಮ ಮರಿಯಯ್ಯ ಹೋದ ತಿಂಗಳು ತೀರಿಕೊಂಡ. ಚಾಮರಾಜನಗರದ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ, ಕ್ರಿಸ್‌ಮಸ್ಸಿಗೆ ನಿನಗೆ ಬಲೂನು ತರುತ್ತಿದ್ದ ಮರಿಯಯ್ಯ ಮಾಮ. ಕಾಲೇಜಿನಲ್ಲಿ ನನ್ನ ಜೊತೆಗಾರ. ಮದುವೆಯಾಗದೆಯೇ ಹೋದ, ಪಾಪ. ಮಣ್ಣಿಗೆ ನಾನೂ ಹೋಗಿದ್ದೆ. ನೋಡಿದರೆ ಗುಂಡಿ ತೋಡಿದ್ದು ನಿಮ್ಮಮ್ಮನ ಸಮಾಧಿಯ ಪಕ್ಕದಲ್ಲೇ! ಮೂರು ವರ್ಷದಿಂದ ಖಾಲಿ ಇದ್ದ ಜಾಗ. ಅಲ್ಲಿನ ಲಂಟಾನ ಪೊದೆಯನ್ನು ತಿಂಗಳು ತಿಂಗಳೂ ಸವರಿ ಚೊಕ್ಕಟ ಮಾಡುತ್ತಿದ್ದವನು ನಾನು, ಹಾಯಾಗಿ ಮಲಗಿದವನು ಅವನು. ಚರ್ಚಿನ ಕಮಿಟಿಯವರನ್ನು ಕೇಳಿದರೆ, "ನೀವು ಲಿಂಗಾಯತರು ಸಾರ್, ಭೀಮನಬೀಡಲ್ಲಿ ನಿಮ್ಮಪ್ಪನ ಮಗ್ಗುಲಲ್ಲಿ ನಿಮ್ಗೆ ಜಾಗ ಐತಲ್ಲ" ಎಂದರು.

ಸತ್ತವಳ ಪಕ್ಕ ಇನ್ನೊಬ್ಬ ಸತ್ತವನು ಮಲಗಿದರೆ ನಿನಗೇನು ಎನ್ನಬೇಡ ಮಗಳೇ. ಬಸ್‌ಸ್ಟ್ಯಾಂಡಿನ ಹತ್ತಿರ ದಿನಾ ನನ್ನೊಡನೆ ಟೀ ಕುಡಿಯುವ ಮಹದೇವಸ್ವಾಮಿಯೂ ಅದನ್ನೇ ಅಂದ: "ಏನ್ಲಾ ಶಿವಮಲ್ಲ, ಗುಂಡಿ ಒಳಿಕ್ಕೋದೋರ ಮ್ಯಾಲೂ ಹೊಟ್ಟೆ ಉರ್ಕತಿಯಲ್ಲಾ! ಬುಡ್ಲಾ ಅತ್ಲಾಗೆ." ಅವನಿಗೇನು ಗೊತ್ತು? ನಮ್ಮವರ ಲೆಕ್ಕದಲ್ಲಿ ಸತ್ತರೆ ಶಿವನಲ್ಲಿ ಐಕ್ಯ, ಯಾರೂ ಎದ್ದು ಬರುವುದಿಲ್ಲ. ನಿಮ್ಮಮ್ಮ ನಂಬಿದ್ದು ಬೇರೆ. ಅಂತ್ಯದಿನ ತುತೂರಿ ಊದುತ್ತದೆ, ಸಮಾಧಿಗಳು ತೆರೆಯುತ್ತವೆ, ಸತ್ತವರು ಎದ್ದು ನಿಲ್ಲುತ್ತಾರೆ, ಆಮೇಲೆ ತೀರ್ಪು. ಮೂವತ್ತೆಂಟು ವರ್ಷ ನನ್ನೆದುರು ಅವರೆಕಾಯಿ ಸುಲಿಯುತ್ತಾ ಹೇಳಿದ್ದಾಳೆ. ಅವಳು ನಂಬಿದ್ದು ಸುಳ್ಳಾಗಲಿ ಎಂದು ನಾನು ಹೇಗೆ ಬಯಸಲಿ? ನಿಜವೇ ಆದರೆ ನೋಡು: ಅವಳು ಎದ್ದು, ಕಣ್ಣುಜ್ಜಿಕೊಂಡು, ಮಗ್ಗುಲಿಗೆ ತಿರುಗಿದರೆ ಮೊದಲು ಕಾಣುವ ಮುಖ ಅವನದು. ಫಸ್ಟ್ ಇಂಪ್ರೆಷನ್ ಈಸ್ ದಿ... ಏನೋ ಒಂದು. ನಾನೋ ಭೀಮನಬೀಡಿನ ಹೊಲದಲ್ಲಿ. ನಮ್ಮಲ್ಲಿ ಕೂರಿಸಿ ತಾನೇ ಹೂಳುವುದು, ಕಾಲು ಜೋಮು ಹಿಡಿದಿರುತ್ತದೆ. ನಾನು ಎದ್ದು, ಗುಂಡ್ಲುಪೇಟೆಗೆ ಬಂದು, ಬಸ್ಸು ಹಿಡಿದು, ತೆರಕಣಾಂಬಿ ದಾಟಿ ಚಾಮರಾಜನಗರ ಸೇರುವಷ್ಟರಲ್ಲಿ ಅವನು ನುಡಿಸಿ ಇವಳು ಹಾಡಿ ಆಗಿರುತ್ತದೆ.

ತಡೆಯಲಾರದೆ ಪಾದ್ರಿಗಳನ್ನು ಕೇಳಿದೆ. ಕಾಫಿ ಕೊಟ್ಟು, "ಅವತ್ತು ಗಂಡ ಹೆಂಡ್ತಿ ಅನ್ನೋದೇ ಇರಲ್ಲ ಶಿವಮಲ್ಲಪ್ಪನೋರೇ, ಎಲ್ರೂ ದೇವದೂತರ ಥರ" ಎಂದರು. ನನಗೆ ಹೇಳಲಾರದಷ್ಟು ಖುಷಿ. ಮರಿಯಯ್ಯನಿಗೆ ಏನೂ ಗಿಟ್ಟುವುದಿಲ್ಲ! ಗೇಟಿನ ತನಕ ಬಂದ ಮೇಲೆ ಹೊಳೆಯಿತು, ಹಾಗಾದರೆ ಅವಳಿಗೆ ನಾನೂ ಯಾರೂ ಅಲ್ಲ. ವಾಪಸು ಹೋಗಿ, "ಗುರುತಾದರೂ ಸಿಗ್ತದಾ ಸ್ವಾಮಿ?" ಎಂದೆ. "ಸಿಗುತ್ತೆ. ಗುರುತೊಂದೇ ಅಲ್ಲ, ಮುಚ್ಚಿಟ್ಟಿದ್ದೆಲ್ಲ ಬಯಲಾಗುತ್ತೆ" ಎಂದರು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಅದಕ್ಕೇ ಈ ಅರ್ಜಿ. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ಎಂದು ಜೋರಾಗಿ ಶುರು ಮಾಡಿದೆ, ಎರಡನೇ ಸಾಲಿಗೆ ಇಂಗ್ಲಿಷ್ ಕೈಕೊಟ್ಟಿತು, ಕನ್ನಡದಲ್ಲಿ ಮುಗಿಸಿದ್ದೇನೆ. ನಿಮ್ಮಮ್ಮನ ಪೆಟ್ಟಿಗೆಯನ್ನು ಅಲ್ಲಿಂದ ತೆಗೆಸಿ ನಮ್ಮ ಹೊಲಕ್ಕೆ ತರಲು ಅನುಮತಿ ಕೇಳಿದ್ದೇನೆ. ನಾನು ಆ ಸಭೆಗೆ ಸೇರಿದವನಲ್ಲ, ನೀನು ಸೇರಿದವಳು. ನಿನ್ನ ಸಹಿ ಇದ್ದರೆ ಮಾತ್ರ ಕಮಿಟಿ ಓದುತ್ತದಂತೆ. ಹುಚ್ಚು ಎನ್ನಬಹುದು ನೀನು. ಅವಳನ್ನು ಮದುವೆಯಾದಾಗಲೂ ಊರೆಲ್ಲ ಹಾಗೇ ಅಂದಿತ್ತು.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಶಿವನೋ ನಿಮ್ಮಮ್ಮನ ಯೇಸುವೋ, ಯಾರಿಗೆ ಪುರುಸೊತ್ತಿದೆಯೋ ಅವರು ನಿಮ್ಮಿಬ್ಬರನ್ನು ಕಾಯಲಿ.

ನಿನ್ನ ಅಪ್ಪ,
ಶಿವಮಲ್ಲಪ್ಪ

ಮ.ವಿ.: ಅಂಚೆ ಕಚೇರಿಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ಅರ್ಜಿಗೆ ಸಹಿ ಮಾಡಬೇಡ, ಹರಿದುಹಾಕು. ನಿಮ್ಮಮ್ಮ ಟೀಚರಾಗಿ ತೆರಕಣಾಂಬಿಗೆ ಹೊಸದಾಗಿ ಬಂದಿದ್ದಾಗ ಮರಿಯಯ್ಯ ನನ್ನ ಕೈಗೆ ಒಂದು ಕಾಗದ ಕೊಟ್ಟು, "ದಿನಾ ಆ ಬಸ್ನಲ್ಲೇ ಓಗ್ತೀಯಲ್ಲ, ಸುವಾರ್ತ ಟೀಚರ್‌ಗೆ ಕೊಟ್ಬುಡು ಕಣ್ಲಾ" ಎಂದಿದ್ದ. ಕೊಡಲೆಂದೇ ಇಳಿದೆ. ಅವಳನ್ನು ನೋಡಿದೆ. ಕೊಡಲಿಲ್ಲ. ಉತ್ತರ ಬರದಿದ್ದಾಗ ಅವಳಿಗೆ ಇಷ್ಟವಿಲ್ಲವೆಂದು ಅವನು ಸುಮ್ಮನಾದ, ಕೊನೆಯವರೆಗೂ ಬಾಯಿಬಿಟ್ಟು ಕೇಳಲಿಲ್ಲ. ತುತೂರಿ ಊದಿದ ದಿನ ಕೇಳುತ್ತಾನೆ. ಅವನಿಂದ ಅವಳಿಗೆ ತಿಳಿಯುವುದು ಬೇಡ. ಆ ಕಾಗದ ಇದರೊಳಗಿದೆ, ಅಂಟು ಬಿಚ್ಚಿಲ್ಲ. ಕ್ರಿಸ್‌ಮಸ್ಸಿಗೆ ಬಂದಾಗ ಅಮ್ಮನ ತಲೆಯ ಹತ್ತಿರ ಕೂತು ಅವಳಿಗೆ ಓದಿ ಹೇಳು. ನಾನೂ ಬಂದು ನಿಂತಿರುತ್ತೇನೆ. ಮೆಲ್ಲಗೆ ಓದು ಕಣಮ್ಮಿ, ನನಗೆ ಕೇಳಿಸಬಾರದು.