ನಮ್ಮ ಹಸಿರು ಬೋರ್ಡು

ಅಕ್ಕಾ,

‘ಪ್ರೀತಿಯ ಅಕ್ಕ’ ಎಂದು ಶುರುಮಾಡಲು ಹೋದೆ, ಕೈ ಓಡಲಿಲ್ಲ. ಪ್ರೀತಿ ಹೋಗಿಲ್ಲ ಕಣೇ, ಹೋಗಿದ್ದರೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಥೂ ಎಂದು ಮುಂದೆ ಹೋಗುತ್ತಿದ್ದೆ. ನಿನ್ನ ವಿಷಯದಲ್ಲಿ ಹಾಗೆ ಹೋಗಲಾಗುವುದಿಲ್ಲ, ಯಾಕೆಂದರೆ ಇದರಲ್ಲಿ ಅರ್ಧ ಪಾಲು ನನ್ನದು.

ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ನೀನು ನನ್ನ ಮೇಜಿನ ಹತ್ತಿರ ಬಗ್ಗಿ ಹೇಳಿದ ಮಾತು ಇದು: “ಮಧ್ಯಾಹ್ನದೊಳಗೆ ಆ ಫ್ಲೋನ ಡಿಲೀಟ್ ಮಾಡ್ಬಿಡು ಸೂಜಿ. ಹಿಸ್ಟರಿ ಸಮೇತ ಹೋಗ್ಲಿ. ಬಡಗಿ ಕೆಲಸ ಮಾಡ್ದೇನೇ ಹಸಿರು ಒತ್ತಿದ್ದಾನೆ ಅಂತ ನಾನು ಬರ್ಕೊಡ್ತೀನಿ. ನೀನು ಕೆಳಗೊಂದು ಸೈನ್ ಹಾಕು, ಸಾಕು.” ಹೇಳಿದ ಮೇಲೆ ನನ್ನ ಹೆಗಲ ಮೇಲಿದ್ದ ಒಂದು ಕೂದಲನ್ನು ಹೆಕ್ಕಿ ಕೆಳಗೆ ಹಾಕಿ ಹೋದೆ. ಚಿಕ್ಕವಳಿದ್ದಾಗ ನನಗೆ ಜಡೆ ಹಾಕುತ್ತಿದ್ದುದೂ ಅದೇ ಕೈ. ನೀನು ಹೋದ ಮೇಲೆ ನಾನು ಎದ್ದು ಹೋಗಿ ಎರಡು ಸಲ ಮುಖ ತೊಳೆದುಕೊಂಡೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದನ್ನು ನೀನು ಚೆನ್ನಾಗಿ ಕಲಿತಿದ್ದೀಯ. ಜೊತೆಗೆ, ಇದನ್ನು ಓದುವವಳು ನೀನೊಬ್ಬಳೇ ಅಲ್ಲ.

ಆರು ಕಟ್ಟಡಗಳ ರಿಪೇರಿ ನೋಡಿಕೊಳ್ಳುವ ಆಫೀಸು ನಮ್ಮದು. ನೀನು ಮ್ಯಾನೇಜರ್, ನಾನು ನೀನೇ ತಂದು ಕೂರಿಸಿದ ಗುಮಾಸ್ತೆ. ನಲ್ಲಿ ಸೋರುತ್ತಿದೆ, ಬಾಗಿಲು ಕಚ್ಚಿಕೊಂಡಿದೆ, ದೀಪ ಹೋಗಿದೆ ಎಂದು ಬಾಡಿಗೆದಾರರು ಬರೆಯುತ್ತಾರೆ. ಅದನ್ನೆಲ್ಲ ಸರಿಮಾಡುವವರು ಒಬ್ಬರೇ, ಎಲ್ಲರೂ ಬಡಗಿ ಮಾಮ ಎಂದು ಕರೆಯುವವರು. ಮೊದಲು ಅವರ ಅಂಗಿ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲ್ಲು ಇರುತ್ತಿತ್ತು. ಪ್ರತಿ ಮನೆಗೂ ಹೋಗಿ ಕಣ್ಣಾರೆ ನೋಡಿ ಗೀಟು ಹಾಕುತ್ತಿದ್ದರು. ಆ ನೋಟ್‌ಬುಕ್ಕು ಕಂಡರೆ, ಕೆಲಸ ನಿಧಾನವಾಗುತ್ತದೆಂದು ನಿನಗೆ ಮೈಯೆಲ್ಲ ಉರಿ.

ಆಗ ನಾನು ಫ್ಲೋ, ಅಂದರೆ ಕಂಪ್ಯೂಟರು ಒಂದರ ಹಿಂದೊಂದು ತಾನಾಗಿ ಮಾಡುವ ಕೆಲಸಗಳ ಸರಪಳಿ, ಕಟ್ಟುವುದನ್ನು ಕಲಿತೆ. ಪ್ರೋಗ್ರಾಂ ಬರೆಯುವ ಗೊಡವೆಯೇ ಇಲ್ಲ. ತೆರೆಯ ಮೇಲೆ ಡಬ್ಬಿಗಳನ್ನು ಇಟ್ಟು ಬಾಣ ಎಳೆದರೆ ಮುಗಿಯಿತು. ದೂರಿನ ಚೀಟಿಯ ಫೋಟೋ ಬಂದು ಬೀಳುವುದು ಒಂದು ಡಬ್ಬಿಗೆ. ಅದನ್ನು ಪಿಡಿಎಫ್ ಮಾಡುವುದು ಇನ್ನೊಂದು ಡಬ್ಬಿ. ಅಲ್ಲಿಂದ ಕೆಲಸಗಳ ಬೋರ್ಡಿಗೆ ಬಾಣ, ಬಡಗಿ ಮಾಮನ ಹೆಸರಿನಲ್ಲಿ ಒಂದು ಕೆಂಪು ಕಾರ್ಡು. ಅವರು ಕೆಲಸ ಮುಗಿಸಿ ಫೋಟೋ ಕಳಿಸಿದರೆ ಅದೂ ಪಿಡಿಎಫ್ ಆಗಿ ಆ ಕಾರ್ಡಿನ ಕೆಳಗೆ ಕೂರುತ್ತದೆ, ಕಾರ್ಡು ಹಸಿರಾಗುತ್ತದೆ. ನೀನು ಎಲ್ಲರ ಮುಂದೆ ಬೆನ್ನು ತಟ್ಟಿದೆ. “ನಮ್ಮ ಸೂಜಿ ಇಡೀ ಆಫೀಸನ್ನೇ ಹೊಲ್ದುಬಿಟ್ಲು!” ಎಂದೆ. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ತಪ್ಪು ಕೊನೆಯ ಬಾಣದಲ್ಲಿತ್ತು. ಕಾರ್ಡಿನ ಕೆಳಗೆ ಹೊಸ ಪಿಡಿಎಫ್ ಬಂದರೆ ಹಸಿರು ಮಾಡು ಎಂದಷ್ಟೇ ನಾನು ಹೇಳಿದ್ದೆ, ಅದನ್ನು ಯಾರು ಕಳಿಸಿರಬೇಕು ಎಂದು ಹೇಳಿರಲಿಲ್ಲ. ಬಾಡಿಗೆದಾರರು ಅದೇ ಮನೆ ನಂಬರು ಹಾಕಿ ‘ಇನ್ನೂ ಯಾರೂ ಬಂದಿಲ್ಲ’ ಎಂದು ಎರಡನೇ ಸಲ ಬರೆದರೆ ಆ ಚೀಟಿಯೂ ಪಿಡಿಎಫ್ ಆಗುತ್ತಿತ್ತು, ಕಾರ್ಡು ಹಸಿರಾಗುತ್ತಿತ್ತು. ಅಂದರೆ ಒಂದು ಸಲ ಹೇಳಿ ಸುಮ್ಮನಿದ್ದವರ ಕೆಲಸವಾದರೂ ಆಗುತ್ತಿತ್ತು. ಎರಡನೇ ಸಲ ಗೋಗರೆದವರ ಕೆಲಸ, ಯಾರೂ ಮುಟ್ಟದೆಯೇ, ಮುಗಿದುಹೋಗುತ್ತಿತ್ತು. ಇದಕ್ಕಿಂತ ಅಸಹ್ಯವಾದ ಯಂತ್ರವನ್ನು ಬೇಕೆಂದೇ ಕೂತು ಮಾಡಿದರೂ ಮಾಡಲಾಗುತ್ತಿರಲಿಲ್ಲ.

ಮೂರನೇ ವಾರ ಗೊತ್ತಾಯಿತು. ನಿನ್ನ ಹತ್ತಿರ ಓಡಿ ಬಂದೆ. ದೊಡ್ಡ ಆಫೀಸಿನವರು ಪರಿಶೀಲನೆಗೆ ಬರುವ ದಿನಗಳು ಅವು. ನೀನು ನನ್ನನ್ನು ನೋಡಲಿಲ್ಲ, ಬೋರ್ಡು ನೋಡಿದೆ. “ಈಗ ಕೈ ಹಚ್ಬೇಡ. ಎಷ್ಟು ಚೆನ್ನಾಗಿ ಹಸಿರಾಗಿದೆ ನೋಡು. ಅವರು ಬಂದು ಹೋಗ್ಲಿ” ಎಂದೆ. ಅವರು ಬಂದರು, ನಿನ್ನನ್ನು ಹೊಗಳಿದರು, ಹೋದರು. ಮೆಸೇಜಿನಲ್ಲಿ ನಾನು ಮತ್ತೆ ಕೇಳಿದೆ. “ಎಲ್ಲದಕ್ಕೂ ಚುಚ್ಬೇಡ್ವೇ ಸೂಜಿ, ಆಮೇಲೆ ನೋಡೋಣ” ಎಂದು ನೀನು ಬರೆದೆ. ನಾನೂ ಹಲ್ಲು ಕಿರಿಯುವ ಒಂದು ಚಿತ್ರ ಕಳಿಸಿ ಸುಮ್ಮನಾದೆ. ಛೀ!

ಮೂರನೇ ಮಹಡಿಯ ಟೈಲರಮ್ಮ ನಾಲ್ಕು ಸಲ ಬರೆದಿದ್ದರು. ಮೆಟ್ಟಿಲಿನ ಕಂಬಿ ಅಲುಗಾಡುತ್ತಿದೆ ಎಂದು ಸೋಮವಾರ ಬರೆದರು, ಕೆಂಪು. ಬಡಗಿ ಮಾಮ ಬೇರೆ ಕಟ್ಟಡದ ಪಂಪಿನಲ್ಲಿ ಸಿಕ್ಕಿಕೊಂಡಿದ್ದರು. ಬುಧವಾರ ನೆನಪಿಸಿದರು, ಹಸಿರು. ಹತ್ತು ದಿನ ಕಾದು ಮೂರನೆಯದನ್ನು ಬರೆದರು, ಹಳೆಯದು ಮುಗಿದ ಲೆಕ್ಕವಾದ್ದರಿಂದ ಹೊಸ ಕೆಂಪು ಕಾರ್ಡು. ಮಾರನೆಯ ದಿನವೇ ನಾಲ್ಕನೆಯದು, ಅದೂ ಹಸಿರು. ಆ ನಾಲ್ಕನೆಯ ಚೀಟಿಯನ್ನು ನಾನು ಮೊದಲ ಸಲ ತೆರೆದು ಓದಿದ್ದು ಅವರು ಬಿದ್ದ ಮೇಲೆ. ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ಲಿನಲ್ಲಿ ಕಂಬಿಯ ಚಿತ್ರ ಬರೆದು, ಒಂದು ಕಡೆ ಸೊನ್ನೆ ಸುತ್ತಿ ಹೀಗೆ ಬರೆದಿದ್ದರು: ‘ಇಲ್ಲಿ ಸ್ಕ್ರೂ ಇಲ್ಲ. ಸದ್ಯಕ್ಕೆ ಬಟ್ಟೆ ಕಟ್ಟಿ ನಿಲ್ಲಿಸಿದ್ದೇನೆ. ಮಕ್ಕಳು ಹಿಡಿದುಕೊಂಡು ಓಡುತ್ತವೆ, ಬೇಗ ಬನ್ನಿ.’

ಇನ್ನೊಂದು ನೆನಪಿದೆಯಾ ಅಕ್ಕ? ಆ ವಾರವೇ ಬಡಗಿ ಮಾಮ ನಿನ್ನ ಬಾಗಿಲಲ್ಲಿ ನಿಂತು ಕೇಳಿದ್ದರು: “ಮೇಡಂ, ಮೂರನೇ ಮಹಡಿ ಕಂಬಿ ಆಯ್ತು ಅಂತ ತೋರಿಸ್ತಿದೆ. ಯಾರು ಮಾಡಿದ್ರು? ನಾನಂತೂ ಮುಟ್ಟಿಲ್ಲ.” ನೀನು ತಲೆ ಎತ್ತಲೂ ಇಲ್ಲ. “ಹಸಿರಿದ್ರೆ ಆಗಿದೆ ಅಂತಲೇ ಅರ್ಥ. ಹೊರಗಿನವರು ಯಾರೋ ಮಾಡಿರ್ತಾರೆ. ನಿಮ್ಮ ಕೆಂಪು ನೀವು ನೋಡ್ಕೊಳ್ಳಿ” ಎಂದೆ. ನಾನು ಮೂರು ಮಾರು ದೂರದಲ್ಲಿ ಕೂತಿದ್ದೆ. ಬಾಯಿ ಬಿಟ್ಟಿದ್ದರೆ ಸಾಕಿತ್ತು. ಕೀಬೋರ್ಡಿನ ಸಂದಿಯ ಧೂಳು ಕೆರೆಯುತ್ತಾ ಕೂತೆ.

ಟೈಲರಮ್ಮ ಹೊಲಿದ ಬಟ್ಟೆಯ ಗಂಟು ಹೊತ್ತು ಇಳಿಯುವಾಗ ಕಂಬಿ ಕಿತ್ತು ಬಂತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಇನ್ನು ಕತ್ತರಿ ಹಿಡಿಯುವುದು ಕಷ್ಟ ಎಂದಿದ್ದಾರೆ ಡಾಕ್ಟರು. ನೀನು ಹೂವಿನ ಗುಚ್ಛ ಕಳಿಸಿದೆ, ನಾನು ಹೋದೆ. ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಎಡಗೈಯಲ್ಲಿ ನನ್ನ ಕೈ ಹಿಡಿದು, “ಆಫೀಸಿಂದ ಬಂದ್ಯೇನಮ್ಮಾ? ನಾಲ್ಕು ಸಲ ಬರ್ದಿದ್ದೆ. ನನ್ನ ಅಕ್ಷರ ಚೆನ್ನಾಗಿಲ್ಲ, ಓದೋಕೆ ಆಗ್ಲಿಲ್ವೇನೋ ಪಾಪ” ಎಂದರು. ತಪ್ಪನ್ನು ಅವರೇ ತಮ್ಮ ತಲೆಯ ಮೇಲೆ ಹಾಕಿಕೊಂಡರು, ಅಕ್ಕ. ಅಲ್ಲಿಂದ ಎದ್ದು ಬರುವಷ್ಟರಲ್ಲಿ ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಇಷ್ಟಾದ ಮೇಲೂ, ದೊಡ್ಡ ಆಫೀಸಿನಿಂದ ವಿಚಾರಣೆಗೆ ಅಧಿಕಾರಿ ಬಂದಾಗ, ನಿನಗೆ ಹೊಳೆದದ್ದು ಬಡಗಿ ಮಾಮನ ತಲೆಗೆ ಕಟ್ಟುವುದು. ಅವರಿಗೆ ನಿವೃತ್ತಿಗೆ ಇನ್ನು ಐದೇ ತಿಂಗಳು. ಮೂವತ್ತು ವರ್ಷ ಒಂದು ಬಾಗಿಲನ್ನೂ ಅರ್ಧಕ್ಕೆ ಬಿಟ್ಟು ಬಾರದ ಮನುಷ್ಯ ಸುಳ್ಳು ಗುರುತು ಹಾಕಿದವನೆಂದು ಹೆಸರು ಹೊತ್ತು ಮನೆಗೆ ಹೋಗಬೇಕು. ಯಾಕೆ? ನಿನ್ನ ಬೋರ್ಡು ಹಸಿರಾಗಿರಲಿ ಎಂದು! ನಾನು ಕೆಲಸಕ್ಕೆ ಸೇರಿದ ವಾರ ಕಾಲು ನೆಲಕ್ಕೆ ಎಟುಕದೆ ಒದ್ದಾಡುತ್ತಿದ್ದುದನ್ನು ನೋಡಿ, ಒಂದು ಮಾತೂ ಕೇಳದೆ ಮರದ ಕಾಲುಮಣೆ ಮಾಡಿ ಮೇಜಿನ ಕೆಳಗೆ ಇಟ್ಟುಹೋದವರು ಅವರು. ಈಗಲೂ ಅದರ ಮೇಲೆ ಕಾಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನೀನು ಕೇಳಿದ ಸೈನು ನನ್ನ ಕೈಯಿಂದ ಬರುವುದಿಲ್ಲ.

ಫ್ಲೋ ಅಳಿಸಿಲ್ಲ. ಅದರ ಹಿಸ್ಟರಿಯಲ್ಲಿ ಎಲ್ಲವೂ ಇದೆ. ಯಾವ ಫೋಟೋ ಯಾರಿಂದ ಯಾವಾಗ ಬಂತು, ಯಾವುದು ಬಂದಾಗ ಹಸಿರಾಯಿತು, ಆ ಬಾಣ ಎಳೆದವರ ಹೆಸರು. ಹೆಸರು ನನ್ನದೇ. ಅದಕ್ಕೆ ನಮ್ಮಿಬ್ಬರ ಮೆಸೇಜುಗಳನ್ನು, ನನ್ನ ಹಲ್ಲು ಕಿರಿದ ಚಿತ್ರವನ್ನೂ ಬಿಡದೆ, ಸೇರಿಸಿ ಪಿಡಿಎಫ್ ಮಾಡಿದ್ದೇನೆ. ಈ ಪತ್ರ ಬರೆದು ಮುಗಿದ ಕೂಡಲೇ ಇದರ ಫೋಟೋ ತೆಗೆದು ಆ ಪಿಡಿಎಫ್ ಜೊತೆಗೆ ದೂರಿನ ಡಬ್ಬಿಗೇ ಹಾಕುತ್ತೇನೆ. ಬಡಗಿ ಮಾಮನ ಹೆಸರಿದ್ದ ಕಡೆ ನಿನ್ನದನ್ನು ಹಾಕಿದ್ದೇನೆ, ನಿನ್ನ ಹೆಸರಿನಲ್ಲಿ ಒಂದು ಕೆಂಪು ಕಾರ್ಡು ಏಳುತ್ತದೆ. ವಿಚಾರಣೆಗೆ ಬಂದಿರುವ ಅಧಿಕಾರಿಗೂ ಅದು ಕಾಣುತ್ತದೆ. ಕೊನೆಯ ಬಾಣವನ್ನು ಮಾತ್ರ ಅಳಿಸಿದ್ದೇನೆ. ನೀನು ಎಷ್ಟು ಉತ್ತರ ಕಳಿಸಿದರೂ ಅದು ತಾನಾಗಿ ಹಸಿರಾಗುವುದಿಲ್ಲ. ಯಾರಾದರೂ ತೆರೆದು, ಓದಿ, ತಮ್ಮ ಕೈಯಾರೆ ಮುಗಿಸಬೇಕು. ಬಹುಶಃ ನಮ್ಮಿಬ್ಬರ ಕೆಲಸವೂ ಹೋಗುತ್ತದೆ, ಹೋಗಲಿ.

ನಿನಗೆ ಕೆಟ್ಟದಾಗಲಿ ಎಂದು ಶಪಿಸಲು ಈ ಹೇಸಿಗೆಯಲ್ಲೂ ನನ್ನಿಂದ ಆಗುವುದಿಲ್ಲ. ಒಳ್ಳೆಯದಾಗಲಿ. ಆದರೆ ಮೊದಲು ಒಂದು ಸಲ ಟೈಲರಮ್ಮನ ಮನೆಗೆ ಹೋಗು, ಬ್ಯಾಂಡೇಜ್ ಸುತ್ತಿಕೊಂಡು ಮನೆಗೆ ಬಂದಿದ್ದಾರೆ. ಅವರ ಅಕ್ಷರ ಚೆನ್ನಾಗಿಯೇ ಇದೆ ಎಂದು ಹೇಳು. ಹತ್ತುವಾಗ ಕಂಬಿ ಹಿಡಿದುಕೋ, ನಿನ್ನ ಮೊಣಕಾಲು ಸರಿಯಿಲ್ಲ. ಬಡಗಿ ಮಾಮ ನಿನ್ನೆ ಅದನ್ನು ಕೂರಿಸಿದ್ದಾರೆ, ನಾನೇ ಹೋಗಿ ಅಲುಗಿಸಿ ನೋಡಿ ಬಂದೆ.

ನಿನ್ನ,
ಸೂಜಿ