ಸಮುದ್ರ ಸೇರಿದ ಚಪ್ಪಲಿ

ಪುಟ್ಟಿ, ನಿನ್ನಕ್ಕ, ಭಾವ ಇಬ್ಬರೂ ಕ್ಷೇಮ. ಭಾವನ ಎಡಗಾಲಿನ ಚಪ್ಪಲಿಯದೇ ಒಂದು ಕತೆ.

ಇಲ್ಲಿ ನದಿಯ ದಂಡೆಯುದ್ದಕ್ಕೂ ಮುನ್ನೂರು ವರ್ಷದ ಗೋದಾಮುಗಳು, ಹಡಗು ಕಟ್ಟಿಹಾಕುತ್ತಿದ್ದ ಕಬ್ಬಿಣದ ಕೊಂಡಿಗಳು. ಸಮುದ್ರ ಎರಡೇ ಮೈಲಿ. ಬೆಳಿಗ್ಗೆ ಹಳೇ ಬಂದರಿನ ಮೆಟ್ಟಿಲ ಮೇಲೆ ಕೂತಿದ್ದಾಗ ಭಾವನ ಚಪ್ಪಲಿ ಜಾರಿ ನೀರಿಗೆ ಬಿದ್ದು ತೇಲಿಕೊಂಡು ಹೊರಟಿತು.

"ಇಲ್ಲೇ ಕೂತಿರಿ ಸಾರ್. ಇನ್ನೇನು ಉಬ್ಬರ ಶುರುವಾಗುತ್ತೆ, ನೀರು ವಾಪಸ್ ಹರಿಯುತ್ತೆ, ಚಪ್ಪಲಿ ತಾನಾಗೇ ಬರುತ್ತೆ" ಅಂದ ದೋಣಿಯವನು.

ಮೂವತ್ತು ವರ್ಷ ಊರಿಗೆಲ್ಲ ನಲ್ಲಿ ನೀರು ಬಿಟ್ಟ ಮನುಷ್ಯ ಕೇಳಬೇಕಲ್ಲ. "ನೀರು ಯಾವ ಕಡೆ ಹರಿಯುತ್ತೆ ಅಂತ ನನಗೇ ಹೇಳ್ತೀಯೇನಪ್ಪಾ" ಅಂತ ಗೋದಾಮುಗಳ ಹಿಂದಿನ ಬೀದಿ ಹಿಡಿದು, ಒಂದು ಕಾಲು ಬರಿಗಾಲಲ್ಲಿ ಸಮುದ್ರದ ಕಡೆ ಓಡಿದರು. ನನ್ನ ಮಂಡಿ ನೋವು ಕಡಿಮೆಯಾಗಿದೆ, ಆದರೆ ಓಡುವಷ್ಟಲ್ಲ.

ಮುಕ್ಕಾಲು ಗಂಟೆಗೆ ಚಪ್ಪಲಿ ಬಂತು. ದೋಣಿಯವನು ಹುಟ್ಟು ಚಾಚಿ ಎತ್ತಿ ಕೊಟ್ಟ. ಆಮೇಲೆ ಭಾವನೂ ಬಂದರು, ಕಾಲಲ್ಲಿ ಹೊಸ ಜೋಡು. "ಸಮುದ್ರ ಸೇರಿಬಿಡ್ತು ಕಣೇ, ನಾನೇ ಕಣ್ಣಾರೆ ನೋಡಿದೆ" ಅಂದರು. ದೋಣಿಯವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಈಗ ಪಕ್ಕದಲ್ಲೇ ಕೂತು ಗುಳ್ಳೆ ಎದ್ದ ಹಿಮ್ಮಡಿ ಸವರಿಕೊಳ್ಳುತ್ತಿದ್ದಾರೆ. ಇವರ ಓದುವ ಕನ್ನಡಕ ಕೋಣೆಯಲ್ಲಿದೆ, ಅದಕ್ಕೇ ಧೈರ್ಯವಾಗಿ ಬರೆದೆ. ಕಾರ್ಡಿನಲ್ಲಿ ಜಾಗ ಮುಗಿಯಿತು, ಇವರು ಏಳುವ ಹಾಗೆ ಕಾಣುವುದಿಲ್ಲ. ಒದ್ದೆ ಚಪ್ಪಲಿಯ ಮೇಲೆ ನಾನು ಎಷ್ಟು ಹೊತ್ತು ಅಂತ ಕೂತಿರಲಿ?

ನಿನ್ನಕ್ಕ