ಕೆಂಪು ಕಾರ್ಡು ಇಳಿಸದ ಹುಡುಗಿಯ ಪರವಾಗಿ

ಶಿಕ್ಷಕರ ತರಬೇತಿಯ ಹೊಣೆ ಹೊತ್ತಿರುವ ಮಾನ್ಯ ನಿರ್ದೇಶಕರೇ,

ತಾವು ಕೊಡಿಸಿದ ತರಬೇತಿಯನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಅದರ ಫಲವಾಗಿ ನನ್ನ ಏಳನೇ ತರಗತಿಯ ಅತ್ಯಂತ ಚುರುಕಾದ ಹುಡುಗಿಯನ್ನು ತಮ್ಮ ಕಚೇರಿ ‘ನಿಧಾನ ಕಲಿಕೆಯ ವಿಭಾಗ’ಕ್ಕೆ ತಳ್ಳಿದೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರಣೆ. ತಮಗೆ ವ್ಯವಧಾನವಿದ್ದರೆ ಓದಿ. ಇಲ್ಲದಿದ್ದರೆ ಮಕ್ಕಳನ್ನು ಶಾಲೆಗೆ ಕಳಿಸುವವರಾದರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ತರಬೇತಿ ತಮಗೆ ನೆನಪಿರಬೇಕು, ಉದ್ಘಾಟನಾ ಭಾಷಣ ತಮ್ಮದೇ ಆಗಿತ್ತು. ಪರೀಕ್ಷೆಯವರೆಗೆ ಕಾಯಬೇಡಿ, ಪಾಠ ನಡೆಯುವಾಗಲೇ ಮಗುವಿಗೆ ಏನು ತಿಳಿದಿಲ್ಲ ಎಂಬುದನ್ನು ಕಂಡುಕೊಳ್ಳಿ ಎಂದಿರಿ. ಅದಕ್ಕೊಂದು ಉಪಾಯವನ್ನೂ ಕಲಿಸಿದಿರಿ. ಪ್ರತಿ ಮಗುವಿನ ಕೈಗೂ ಮೂರು ಕಾರ್ಡು: ತಿಳಿದರೆ ಹಸಿರು, ಅನುಮಾನವಿದ್ದರೆ ಹಳದಿ, ತಿಳಿಯದಿದ್ದರೆ ಕೆಂಪು. “ಕೆಂಪು ಎತ್ತೋ ಮಗು ನಿಮಗೆ ಉಪಕಾರ ಮಾಡ್ತಿದೆ ಅಂತ ತಿಳ್ಕೊಳ್ಳಿ,” ಎಂದರು ತರಬೇತುದಾರರು. ಪಾಪ, ಒಳ್ಳೆಯ ಮನುಷ್ಯ, ನಂಬಿಯೇ ಹೇಳಿದರು. ಕೊನೆಯ ದಿನ ಸಂಜೆ ನಮ್ಮ ಕೈಗೂ ಕಾರ್ಡು ಕೊಟ್ಟು, ಎಲ್ಲವೂ ಅರ್ಥವಾಯಿತೇ ಎಂದು ಕೇಳಿದಾಗ ಸಭಾಂಗಣವಿಡೀ ಹಸಿರಾಯಿತು. ಬಸ್ಸಿನ ಹೊತ್ತಾಗಿತ್ತು ನೋಡಿ. ನಿವೃತ್ತಿಯ ಅಂಚಿನಲ್ಲಿದ್ದ ಭಾಷಾ ಶಿಕ್ಷಕಿಯೊಬ್ಬರು ಮಾತ್ರ ಕೆಂಪು ಎತ್ತಿದರು. “ಮೇಡಂ, ನಿಮ್ಮ ಅನುಮಾನ ಚಹಾ ಕುಡೀತಾ ಮಾತಾಡೋಣ,” ಎಂದು ಸಂಘಟಕರು ಅವರನ್ನು ಕೂರಿಸಿದರು. ಚಹಾ ಆಗಲೇ ಮುಗಿದಿತ್ತು.

ನಾನು ಮಾತ್ರ ಹುಮ್ಮಸ್ಸಿನಿಂದ ಮರಳಿದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಾಳೆ. ಎಲ್ಲದಕ್ಕೂ ಯಾಕೆ ಯಾಕೆ ಎಂದು ಕೇಳುವುದರಿಂದ ಉಳಿದವರು ಅವಳನ್ನು ಯಾಕಮ್ಮ ಎಂದು ಕರೆಯುತ್ತಾರೆ. ಮೊದಲೆಲ್ಲ ಅವಳ ಪ್ರಶ್ನೆಗೆ ಹಿಂದಿನ ಬೆಂಚಿನವರು ಮೂಗು ಮುರಿಯುತ್ತಿದ್ದರು. ಕಾರ್ಡು ಬಂದ ಮೇಲೆ ಅವಳು ಕೆಂಪು ಎತ್ತಿದರೆ ಅವಳ ಹಿಂದೆ ನಾಲ್ಕಾರು ಕೆಂಪು ಅಳುಕುತ್ತ ಏಳತೊಡಗಿದವು. ವರ್ಷಗಟ್ಟಲೆ ತುಟಿಪಿಟಕ್ಕೆನ್ನದೆ ಕೂತಿದ್ದ ಮಕ್ಕಳವು. ಸುಳ್ಳೇಕೆ, ನನಗೆ ಬಹಳ ಸಂತೋಷವಾಯಿತು.

ಆಗ ತಮ್ಮ ಕಚೇರಿಯಿಂದ ವೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅಂದು ಭಿನ್ನರಾಶಿಗಳ ಭಾಗಾಕಾರ. ಮೂರನ್ನು ಅರ್ಧದಿಂದ ಭಾಗಿಸಿದರೆ ಆರು ಎಂದು ಬೋರ್ಡಿನ ಮೇಲೆ ಮಾಡಿ ತೋರಿಸಿದೆ. ಯಾಕಮ್ಮನ ಕೆಂಪು ಮೇಲೆದ್ದಿತು. “ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ವಾ ಮಿಸ್? ಮೂರಿದ್ದಿದ್ದು ಆರು ಯಾಕಾಯ್ತು?” ಮಾನ್ಯರೇ, ಈ ಪ್ರಶ್ನೆ ಕೇಳದೆಯೇ ಪದವಿ ಪಡೆದವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಅರ್ಧ ತರಗತಿ ಕೆಂಪಾಯಿತು. ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯರು ಕಣ್ಣು ಕೆಕ್ಕರಿಸಿದರು. ಒಂದೊಂದಾಗಿ ಕಾರ್ಡುಗಳು ಇಳಿದವು, ಕೆಲವು ಹಸಿರಾಗಿ ಮತ್ತೆ ಎದ್ದವು. ಅವಳದು ಮಾತ್ರ ಇಳಿಯಲಿಲ್ಲ. ನಾನು ಹಳೆಯ ಪತ್ರಿಕೆಯಿಂದ ಮೂರು ಉದ್ದನೆಯ ಪಟ್ಟಿ ಕತ್ತರಿಸಿ, ಒಂದರಲ್ಲಿ ಅರ್ಧಗಳು ಎಷ್ಟಿವೆ, ಮೂರರಲ್ಲಿ ಎಷ್ಟಿವೆ ಎಂದು ಅವಳ ಕೈಯಲ್ಲೇ ಮಡಿಸಿ ಎಣಿಸಲು ಹೇಳಿದೆ. ಎಣಿಸಿದವಳು, “ಓ, ಎಷ್ಟು ಸಲ ಸಿಗುತ್ತೆ ಅಂತ ಕೇಳ್ತಿರೋದು,” ಎಂದಳು. ಹಸಿರು ತೋರಿಸಿ ಕೂತಳು. ಅಷ್ಟು ಹೊತ್ತಿಗೆ ವೀಕ್ಷಕರು ಎದ್ದು ಪಕ್ಕದ ಕೋಣೆಗೆ ಹೋಗಿದ್ದರು.

ಮಧ್ಯಾಹ್ನ ಕರೆಸಿ ಕೇಳಿದರು: “ಏನ್ ಮೇಡಂ, ಇಷ್ಟೊಂದು ಕೆಂಪು? ತರಬೇತಿ ಆಗಿದೆ ಅಲ್ವಾ ನಿಮಗೆ?”

“ಆಗಿದೆ ಸರ್, ಅದಕ್ಕೇ ಕೆಂಪು ಕಾಣ್ತಿರೋದು.”

ಅವರು ನಗಲಿಲ್ಲ. ವರದಿ ಬಂತು: ಶಿಕ್ಷಕಿಯ ಬೋಧನೆ ಪರಿಣಾಮಕಾರಿಯಾಗಿಲ್ಲ, ಮರುತರಬೇತಿ ಅಗತ್ಯ. ಅದೇ ತರಬೇತಿ ಮತ್ತೊಮ್ಮೆ! ಹೋಗಲಿ, ನನ್ನ ಚರ್ಮ ದಪ್ಪ, ತಡೆದುಕೊಳ್ಳುತ್ತೇನೆ. ಆದರೆ ಅದೇ ವರದಿಯ ಕೆಳಗೆ, ‘ವೀಕ್ಷಣೆಯ ಉದ್ದಕ್ಕೂ ಕೆಂಪು ತೋರಿದ ವಿದ್ಯಾರ್ಥಿನಿ’ಯನ್ನು ನಿಧಾನ ಕಲಿಕೆಯ ವಿಭಾಗಕ್ಕೆ ವರ್ಗಾಯಿಸಲು ಸೂಚನೆಯಿತ್ತು. ಆ ವಿಭಾಗದಿಂದ ಪ್ರೌಢಶಾಲೆಗೆ ಹೋದವರಿಗೆ ವಿಜ್ಞಾನ ಸಿಗುವುದಿಲ್ಲ ಎಂಬ ನಿಯಮವನ್ನು ಮಾಡಿದವರು ತಾವೇ, ನಾನು ನೆನಪಿಸಬೇಕಿಲ್ಲ. ಈ ಹುಡುಗಿಗೆ ಔಷಧಿ ತಯಾರಿಸುವುದನ್ನು ಕಲಿಯಬೇಕೆಂಬ ಆಸೆ. ಹನ್ನೆರಡರ ವಯಸ್ಸಿಗೇ ಆ ಬಾಗಿಲು ಮುಚ್ಚಿತು. ಅವಳು ಮಾಡಿದ ಅಪರಾಧವೇನು? ತಾವು ಹೇಳಿಕೊಟ್ಟದ್ದನ್ನು ನಂಬಿದ್ದೇ?

ಅವಳ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಪಾಳಿ ಮುಗಿಸಿ ನೇರವಾಗಿ ಶಾಲೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. “ನೀವೇ ಅಲ್ವಾ ಮಿಸ್, ಗೊತ್ತಾಗದಿದ್ರೆ ಕೆಂಪು ತೋರ್ಸು, ಹೆದರ್ಬೇಡ ಅಂದಿದ್ದು? ಮನೆಗೆ ಬಂದು ಎಷ್ಟು ಖುಷಿಯಾಗಿ ಹೇಳಿದ್ಳು ಗೊತ್ತಾ?” ಎಂದರು. ಅವರೆದುರೇ ತಮ್ಮ ಕಚೇರಿಗೆ ಫೋನು ಮಾಡಿದೆ. ವಿಷಯ ಪರಿಶೀಲನೆಯಲ್ಲಿದೆ ಎಂದರು. ಮುಖ್ಯೋಪಾಧ್ಯಾಯರ ಬಳಿ ಹೋದೆ. “ಮೇಲಿನವರ ಆದೇಶ, ನನ್ನ ಕೈಲಿ ಏನಿದೆ ಹೇಳಿ,” ಎಂದು ಕೈತೊಳೆದುಕೊಂಡರು. ಮರುದಿನವೇ ಎಲ್ಲ ತರಗತಿಗಳಿಂದ ಕೆಂಪು ಕಾರ್ಡುಗಳನ್ನು ಸಂಗ್ರಹಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿಸಿದರು. ಈಗ ನಮ್ಮ ಶಾಲೆಗೆ ತಮ್ಮಿಂದ ಪ್ರಶಂಸೆ ಬಂದಿದೆ. ಮಕ್ಕಳ ತಿಳಿವಳಿಕೆಯಲ್ಲಿ ಗಣನೀಯ ಸುಧಾರಣೆ ಕಂಡುಬಂದಿದೆಯಂತೆ. ಎಂಥ ತರಬೇತಿ, ಎಂಥ ಫಲಿತಾಂಶ! ಜ್ವರ ಅಳೆಯುವ ಕಡ್ಡಿಯನ್ನು ಕಿತ್ತೆಸೆದು ರೋಗಿ ಗುಣವಾದ ಎನ್ನುವವರಿಗೆ ಸನ್ಮಾನವನ್ನೂ ಮಾಡಿಬಿಡಿ.

ಮೊನ್ನೆ ಮೆಟ್ಟಿಲ ಬಳಿ ಆ ಹುಡುಗಿ ಸಿಕ್ಕಳು. ಹೊಸ ವಿಭಾಗದಲ್ಲಿ ಹೇಗಿದೆ ಎಂದು ಕೇಳಿದೆ.

“ಚೆನ್ನಾಗಿದೆ ಮಿಸ್. ದಿನಾ ಹಸಿರೇ ಎತ್ತುತ್ತೀನಿ.”

“ಎಲ್ಲಾ ಅರ್ಥ ಆಗ್ತಿದೆಯಾ?”

“ಇಲ್ಲ,” ಎಂದಳು. “ಆದ್ರೆ ಈಗ ಯಾರೂ ಬೈಯಲ್ಲ.”

ಅಪ್ಪ ಅಮ್ಮ, ಅಕ್ಕತಂಗಿಯರು, ಗೆಳತಿಯರು ಯಾರಿಂದಲೂ ಸುಮ್ಮನಿರಿಸಲಾಗದ ಹುಡುಗಿಯನ್ನು ತಾವು ಒಂದೇ ವರದಿಯಲ್ಲಿ ಸುಮ್ಮನಾಗಿಸಿದಿರಿ. ಇದನ್ನು ಯಾವ ಕಾರ್ಡಿನಿಂದ ಅಳೆಯುತ್ತೀರಿ?

ಈಗ ಕಡ್ಡಿ ಮುರಿದಂತೆ ಹೇಳುತ್ತೇನೆ. ಶನಿವಾರ ವಿಭಾಗಗಳ ಪಟ್ಟಿ ಅಂತಿಮವಾಗುತ್ತದೆ. ತಮ್ಮದೇ ನಿಯಮದ ಪ್ರಕಾರ, ಮಗುವನ್ನು ಕಳಿಸಿಕೊಡುವ ಶಿಕ್ಷಕಿಯ ಒಪ್ಪಿಗೆಯ ಸಹಿ ಅದರ ಮೇಲಿರಬೇಕು, ಇಲ್ಲದಿದ್ದರೆ ವರ್ಗಾವಣೆ ರದ್ದು. ಅಲ್ಲಿಯವರೆಗೆ ಅವಳು ಹೊಸ ಕೋಣೆಯಲ್ಲಿ ಕೂತಿರುವುದು ತಾತ್ಕಾಲಿಕ ಮಾತ್ರ. ಮುಖ್ಯೋಪಾಧ್ಯಾಯರು ಈಗಾಗಲೇ ಎರಡು ಸಲ ಪೆನ್ನು ಕೊಟ್ಟು ನೋಡಿದ್ದಾರೆ. ನಾನು ಸಹಿ ಮಾಡಿಲ್ಲ, ಮಾಡುವುದೂ ಇಲ್ಲ. ಸಹಿ ಮಾಡದಿದ್ದರೆ ಅಮಾನತು ಎಂಬ ಮಾತೂ ಕಿವಿಗೆ ಬಿದ್ದಿದೆ. ಆ ಆದೇಶವನ್ನು ದಯವಿಟ್ಟು ಬೇಗ ಕಳಿಸಿ. ಅಥವಾ ಹುಡುಗಿಯನ್ನು ಬೇಗ ನನ್ನ ತರಗತಿಗೆ ಕಳಿಸಿ. ಸೋಮವಾರ ಬೆಳಿಗ್ಗೆ ನಮ್ಮಿಬ್ಬರಲ್ಲಿ ಒಬ್ಬರು ನನ್ನ ತರಗತಿಯ ಹೊರಗಿರಲೇಬೇಕೆಂದಿದ್ದರೆ ಇರಲಿ. ಅದು ಅವಳಾಗುವುದಿಲ್ಲ.

ಇಂತಿ,
ತಮ್ಮ ಕಡತಗಳ ಪ್ರಕಾರ ಪಾಠ ಮಾಡಲು ಇನ್ನೂ ಕಲಿಯದ,
ಏಳನೇ ತರಗತಿಯ ಗಣಿತದ ಮಿಸ್